ಹಾಲುಬಾಯಿಗೆ ತಕ್ಕಡಿ, ಐಸ್‌ಕ್ರೀಮಿಗೆ ಕಲ್ಲುಪ್ಪು

ನಮ್ಮ ಕರಾವಳಿಯ ಸಿಹಿಗಳಲ್ಲಿ ಹೆಚ್ಚಿನವು ಮಗುಚುವ ಸಿಹಿಗಳು. ಅಕ್ಕಿ, ಕಾಯಿ, ಬೆಲ್ಲದ ಹಾಲುಬಾಯಿ, ರಾಗಿ ಮಣ್ಣಿ, ಕಾಶಿ ಹಲ್ವ, ಬಾಳೆಹಣ್ಣಿನ ಹಲ್ವ, ಹಲಸಿನ ಪೆರಟಿ, ಯಾವುದನ್ನು ಹಿಡಿದರೂ ಒಲೆಯ ಮುಂದೆ ನಿಂತು ತಳ ಹಿಡಿಯದ ಹಾಗೆ ಸೌಟು ಆಡಿಸುತ್ತಲೇ ಇರಬೇಕು. ಅದಕ್ಕೂ ಮೊದಲು ನೆನೆಸಬೇಕು, ಕಾಯಿ ಹೆರೆಯಬೇಕು, ನುಣ್ಣಗೆ ಅರೆಯಬೇಕು, ಬಟ್ಟೆಯಲ್ಲಿ ಸೋಸಬೇಕು. ಉಡುಪಿಯ ಕಡಿಯಾಳಿಯಲ್ಲಿರುವ ನಮ್ಮ ಮನೆಯಲ್ಲಿ ಈ ಕೆಲಸವೆಲ್ಲ ಅತ್ತೆಯದಾಗಿತ್ತು. ಅವರಿಗೆ ಭುಜದ ನೋವು ಶುರುವಾಗಿ, ಕೈಗೆ ಶ್ರಮ ಕೊಡಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಸೌಟು ನನ್ನ ಕೈಗೆ ಬಂತು. ಅಲ್ಲಿಂದ ಅಡುಗೆಮನೆಗೆ ಒಂದೊಂದೇ ಯಂತ್ರ ಬರತೊಡಗಿತು.

ಹಾಗೆ ಬಂದವುಗಳಲ್ಲಿ ಎರಡು ಬಗೆ. ಕೆಲವು ಮೋಟಾರಿನವು: ಅರೆಯುತ್ತವೆ, ತಿರುಗಿಸುತ್ತವೆ, ಕಡೆಯುತ್ತವೆ. ಕೆಲವು ಬರೀ ಅಳೆಯುವಂಥವು: ತಕ್ಕಡಿ, ಥರ್ಮಾಮೀಟರ್. ಅಂಗಡಿಯಲ್ಲಿ ಮೊದಲಿನವಕ್ಕೆ ಸಾವಿರಗಟ್ಟಲೆ ರೂಪಾಯಿ, ಎರಡನೆಯವಕ್ಕೆ ಕೆಲವು ನೂರು. ನನ್ನ ಕೈಯ ಸಿಹಿಯನ್ನು ಬದಲಿಸಿದ್ದು ಆ ಕೆಲವು ನೂರರ ವಸ್ತುಗಳೇ. ಮೋಟಾರಿನಿಂದ ತೋಳಿಗೆ ಬಿಡುವು ಸಿಕ್ಕಿತು, ಅದನ್ನು ಕಡಿಮೆ ಎನ್ನುವುದಿಲ್ಲ. ಆದರೆ ಅತ್ತೆಯ ಕೈಹದ ಈ ಮನೆಯಲ್ಲಿ ಉಳಿದದ್ದು ಅಳತೆಯಿಂದ.

ಅತ್ತೆಯ ಲೆಕ್ಕವೆಲ್ಲ ಕುಡ್ತೆಯದು. ತವರಿನಿಂದ ಬಂದ ಹಿತ್ತಾಳೆಯ ಪುಟ್ಟ ಪಾತ್ರೆ, ಅಂಚು ಒಂದು ಕಡೆ ನೆಗ್ಗಿದೆ. ಹಾಲುಬಾಯಿಗೆ ಅವರು ಹೇಳುವ ಪ್ರಮಾಣ: ಒಂದು ಕುಡ್ತೆ ಬೆಳ್ತಿಗೆ ಅಕ್ಕಿ (ಕುಚ್ಚಿಲು ಮಾಡದ ಬಿಳಿ ಅಕ್ಕಿ), ಒಂದು ಕುಡ್ತೆ ಕಾಯಿತುರಿ, ಒಂದೂವರೆ ಪಾಲು ಬೆಲ್ಲ, ನೀರು ಬೇಕಾದಷ್ಟು. ಅದೇ ಕುಡ್ತೆ ಹಿಡಿದು ಮನೆಯಲ್ಲಿ ನಾಲ್ಕು ಜನ ಮಾಡಿದರೆ ನಾಲ್ಕು ಹದ ಬರುತ್ತದೆ. ಬೆಲ್ಲವನ್ನು ಪುಡಿ ಮಾಡಿ ತುಂಬಿದರೆ ಒಂದು ತೂಕ, ಹೆಂಟೆಯಾಗಿ ತುಂಬಿದರೆ ಇನ್ನೊಂದು. ಕಾಯಿತುರಿಯನ್ನು ಒತ್ತಿ ತುಂಬಿದರೆ ಒಂದು, ಹಗುರಕ್ಕೆ ಉದುರಿಸಿದರೆ ಇನ್ನೊಂದು. ನೀರಂತೂ ಬೇಕಾದಷ್ಟು, ಯಾರಿಗೆ ಎಷ್ಟು ಬೇಕೋ ಅಷ್ಟು!

ಐದು ಕಿಲೋವರೆಗೆ ತೂಗುವ, ಒಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ ತಂದ ದಿನ ಅತ್ತೆಯನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ತಕ್ಕಡಿಯ ಮೇಲೆ ಪಾತ್ರೆ ಇಟ್ಟು, "ನೀವು ಯಾವತ್ತಿನ ಹಾಗೆ ಹಾಕಿ, ನಾನು ಬರೆದುಕೊಳ್ಳುತ್ತೇನೆ" ಎಂದೆ. "ನನ್ನ ಕೈ ನೋಡಿದರೆ ಸಾಲದಾ ಮಾರಾಯ್ತಿ?" ಎಂದರು. ಕೈ ನೋಡುತ್ತಲೇ ಬಂದಿದ್ದೆ, ವರ್ಷಗಟ್ಟಲೆ. ಅಕ್ಕಿ ಹಾಕಿದರು, 180 ಗ್ರಾಂ. ಕಾಯಿತುರಿ 90. ಬೆಲ್ಲದ ಸರದಿ ಬಂದಾಗ ಅವರು ಮಾಡಿದ್ದನ್ನು ಹತ್ತಿರದಿಂದ ನೋಡಿದೆ. ಅಚ್ಚಿನಿಂದ ಒಂದು ಚೂರು ಒಡೆದು ಬಾಯಿಗೆ ಹಾಕಿಕೊಂಡು, "ಉಪ್ಪುಪ್ಪು ಉಂಟು" ಎಂದು ಅದನ್ನು ಸಾರಿಗೆಂದು ಬದಿಗಿಟ್ಟು ಬೇರೆ ಅಚ್ಚು ಒಡೆದರು. ಹೆಂಟೆಗಳನ್ನು ಹಾಕುತ್ತಾ ಹೋಗಿ, ಪಾತ್ರೆಯೊಳಗೆ ಇಣುಕಿ ನೋಡಿ, ಒಂದು ಸಣ್ಣ ತುಂಡನ್ನು ಹಿಂದೆ ತೆಗೆದರು. ತಕ್ಕಡಿ 260 ತೋರಿಸಿತು. 180ಕ್ಕೆ 260 ಎಂದರೆ ಒಂದೂವರೆ ಪಟ್ಟಿಗೆ ಹತ್ತಿರ ಹತ್ತಿರ. ಕುಡ್ತೆಯಲ್ಲಿ ಎಂದೂ ತಾಳೆಯಾಗದ ಆ ಒಂದೂವರೆ ತೂಕದಲ್ಲಿ ಸರಿಯಾಗಿ ಕೂತಿತು. ಅವರ ಕಣ್ಣು ಅಳೆಯುತ್ತಿದ್ದುದು ತೂಕವನ್ನು. ಆವತ್ತಿನ ಸಂತೋಷ ನನಗೆ ಇನ್ನೂ ಇದೆ. ನೀರು ಅರೆಯುವುದಕ್ಕೂ ಸೋಸುವುದಕ್ಕೂ ಸೇರಿ 900 ಮಿಲಿಲೀಟರ್, ಅಕ್ಕಿಯ ಐದು ಪಟ್ಟು. ಆ ಚೀಟಿ ಈಗ ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿದೆ.

ಅರೆಯುವ ವಿಷಯಕ್ಕೆ ಬರೋಣ. ಮನೆಯಲ್ಲಿ ಕೊಯಮತ್ತೂರಿನ ಟಿಲ್ಟಿಂಗ್ ಗ್ರೈಂಡರ್ ಇದೆ. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ, ದೋಸೆ ಇಡ್ಲಿಗೆ ಅದನ್ನು ಮೀರಿಸಿದ್ದು ಬೇರಿಲ್ಲ. ಆದರೆ 180 ಗ್ರಾಂ ಅಕ್ಕಿ ಹಾಕಿದರೆ ಎಲ್ಲ ಕಲ್ಲಿನ ಬದಿಗೆ ಹಾರಿ ಅಂಟುತ್ತದೆ, ಅರೆಯುವುದಿಲ್ಲ. ಹಾಗಾಗಿ ಸಣ್ಣ ಪ್ರಮಾಣಕ್ಕೆ ಮಿಕ್ಸಿಯೇ ಗತಿ. ಮಿಕ್ಸಿಯ ತೊಂದರೆ ಬಿಸಿ. ಬ್ಲೇಡು ಅಷ್ಟು ವೇಗದಲ್ಲಿ ತಿರುಗುವಾಗ ಜಾರು ಬೆಚ್ಚಗಾಗಿ, ಕಾಯಿಯ ಜಿಡ್ಡು ಬೇರೆಯಾಗಲು ಶುರುವಾಗುತ್ತದೆ. ಅದಕ್ಕೆ ಫ್ರಿಜ್ಜಿನ ತಣ್ಣೀರು ಹಾಕಿ, ನಡುನಡುವೆ ನಿಲ್ಲಿಸಿ ಅರೆಯುತ್ತೇನೆ. ಎರಡು ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ಆಮೇಲೆ ಹಳೆಯ ತೆಳು ಹತ್ತಿ ಬಟ್ಟೆಯಲ್ಲಿ ಸೋಸುವುದು. ಸ್ಟೀಲ್ ಜರಡಿ ಸಾಲದು, ಕಾಯಿಯ ಸಣ್ಣ ನಾರು ಅದರಲ್ಲಿ ಇಳಿದುಬಿಡುತ್ತದೆ.

ಕಾಯಿ ಹೆರೆಯಲು ಮಾತ್ರ ಮೋಟಾರು ಬೇಡ ಎಂದೇ ಹೇಳುತ್ತೇನೆ. ಗ್ರೈಂಡರಿಗೆ ಸಿಕ್ಕಿಸುವ ತುರಿಯುವ ಸಾಧನ ಸಾಂಬಾರಿಗೆ, ಪಲ್ಯಕ್ಕೆ ಬಹಳ ಒಳ್ಳೆಯದು. ಸಿಹಿಗೆ ಬೇಕಾದದ್ದು ಅಚ್ಚ ಬಿಳಿ ತುರಿ. ಕರಟದ ಹತ್ತಿರದ ಕಂದು ಸಿಪ್ಪೆ ಸ್ವಲ್ಪ ಬಿದ್ದರೂ ಬಣ್ಣ ಕೆಡುತ್ತದೆ. ಹೆರೆಮಣೆಯ ಮೇಲೆ ಕೂತರೆ ಎಲ್ಲಿ ನಿಲ್ಲಿಸಬೇಕೆಂದು ಕೈಗೆ ತಿಳಿಯುತ್ತದೆ.

ಹಾಲುಬಾಯಿ ಮಗುಚುವಾಗ ಥರ್ಮಾಮೀಟರ್ ಇಟ್ಟು ನೋಡಬೇಕೆಂದು ಹೊಳೆದದ್ದು ಆಮೇಲೆ. ಕಡ್ಡಿಯ ಹಾಗೆ ಉದ್ದವಿರುವ, ತುದಿಯಲ್ಲಿ ಅಳೆಯುವ ಡಿಜಿಟಲ್ ಥರ್ಮಾಮೀಟರ್ ಅದು. ಅಕ್ಕಿಹಾಲು, ಬೆಲ್ಲದ ನೀರು ಸೇರಿಸಿ ಒಲೆಗಿಟ್ಟಾಗ ಅದು ನೀರಿನಷ್ಟೇ ತೆಳು. 50, 55, 60 ಡಿಗ್ರಿ, ಏನೂ ಬದಲಾವಣೆ ಇಲ್ಲ, ತಳದಲ್ಲಿ ಹಿಟ್ಟು ಕೂರದ ಹಾಗೆ ನಿಧಾನಕ್ಕೆ ಆಡಿಸಿದರೆ ಸಾಕು. 70ರ ಆಸುಪಾಸಿನಲ್ಲಿ ಒಮ್ಮೆಲೇ ಸೌಟಿಗೆ ಭಾರ ಸಿಗುತ್ತದೆ. ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬುವ ಹೊತ್ತು ಅದು. ಆಗ ಗಂಟು ಕಟ್ಟಿತೆಂದರೆ ಆಮೇಲೆ ಬಿಡಿಸುವುದು ಕಷ್ಟ. ಫೋನ್ ಬರಲಿ, ಬಾಗಿಲು ಬಡಿಯಲಿ, ಆ ನಾಲ್ಕೈದು ನಿಮಿಷ ಒಲೆ ಬಿಟ್ಟು ಕದಲುವ ಹಾಗಿಲ್ಲ. ಅತ್ತೆ "ಈಗ ಜೋರಾಗಿ, ಈಗ ಜೋರಾಗಿ" ಎನ್ನುತ್ತಿದ್ದುದು ಇದೇ ಹೊತ್ತಿಗೆ. ಅವರಿಗೆ ಅದು ಆವಿಯ ವಾಸನೆಯಲ್ಲೇ ಗೊತ್ತಾಗುತ್ತಿತ್ತು.

ಇಳಿಸುವ ಹದಕ್ಕೆ ಎಲ್ಲರೂ ಹೇಳುವುದು ಪಾತ್ರೆಯ ಬದಿ ಬಿಡಬೇಕು ಎಂದು. ಆದರೆ ಬದಿ ಬಿಡುವುದಕ್ಕೂ ಮುದ್ದೆಯಾಗುವುದಕ್ಕೂ ನಡುವೆ ಸಾಕಷ್ಟು ದೂರವಿದೆ. ನಾನು ಖಾಲಿ ಬಾಣಲೆಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಬದಿ ಬಿಡಲು ಶುರುವಾದ ಮೇಲೆ ಬಾಣಲೆಯನ್ನೇ ಎತ್ತಿ ತಕ್ಕಡಿಗಿಡುತ್ತೇನೆ, ಕೆಳಗೆ ಮರದ ಹಲಗೆ ಇಟ್ಟು, ಇಲ್ಲದಿದ್ದರೆ ಬಿಸಿಗೆ ತಕ್ಕಡಿ ಹಾಳು. ಬಾಣಲೆಯ, ಹಲಗೆಯ ತೂಕ ಕಳೆದು 950 ಗ್ರಾಮಿನ ಹತ್ತಿರ ಬಂದರೆ ಚಾಕು ಹಾಕಿದಾಗ ಅಂಟದೆ, ಬಾಯಲ್ಲಿ ಮೆತ್ತಗೆ ಕರಗುವ ಹಾಲುಬಾಯಿ. ಅಷ್ಟರಿಂದ ಎಷ್ಟು ಕೆಳಗಿಳಿದರೆ ಅಷ್ಟು ಗಟ್ಟಿ. ನನ್ನ ನಾದಿನಿಗೆ ಗಟ್ಟಿಯೇ ಇಷ್ಟ, ಅವಳು ಬರುವ ದಿನ 900ಕ್ಕೆ ಇಳಿಸುತ್ತೇನೆ.

ಈ ನಡುವೆ ತಾನಾಗಿ ಮಗುಚುವ ಒಂದು ಯಂತ್ರವೂ ಬಂತು. ಮೂರು ಕಾಲಿನದು, ಬ್ಯಾಟರಿಯದು, ಪಾತ್ರೆಯೊಳಗೆ ಬಿಟ್ಟರೆ ಸುತ್ತುತ್ತದೆ. ಹಾಲು ಬತ್ತಿಸುವುದಕ್ಕೆ, ಶಾವಿಗೆ ಪಾಯಸಕ್ಕೆ ಅದು ಚೆನ್ನಾಗಿ ಆಗುತ್ತದೆ. ಹಾಲುಬಾಯಿಯಲ್ಲಿ 70 ಡಿಗ್ರಿ ದಾಟುತ್ತಿದ್ದಂತೆ ಕಾಲು ಸಿಕ್ಕಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಶಕ್ತಿ ಬೇಕಾದ ಹೊತ್ತಿಗೆ ಅದರಲ್ಲಿ ಶಕ್ತಿ ಇಲ್ಲ. ಅದನ್ನೀಗ ಹಾಲಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಕಾಶಿ ಹಲ್ವದಲ್ಲಿ ತಕ್ಕಡಿಯ ಬೆಲೆ ಇನ್ನೂ ಹೆಚ್ಚು. ಉಡುಪಿ ಕಡೆಯ ಮದುವೆ, ಉಪನಯನ, ಮಠದ ಊಟ, ಎಲ್ಲಿಯೇ ಹೋದರೂ ಎಲೆಯ ತುದಿಗೆ ಬೀಳುವ ಆ ಹೊಳೆಯುವ ಕೇಸರಿ ಹಲ್ವ ಬೂದುಗುಂಬಳದ್ದು. ಬೂದುಗುಂಬಳದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ. ಒಂದು ಕಿಲೋ ತುರಿಯಲ್ಲಿ ನಿಜವಾದ ತಿರುಳು ನಲವತ್ತು ಐವತ್ತು ಗ್ರಾಂ ಇದ್ದರೆ ಹೆಚ್ಚು. ಅಂದರೆ ಕಾಶಿ ಹಲ್ವ ಮಾಡುವುದೆಂದರೆ ನೀರು ಓಡಿಸುವುದು. ಎಷ್ಟು ಓಡಿಸಬೇಕು ಎನ್ನುವುದರಲ್ಲೇ ಎಲ್ಲ ಇದೆ.

ತುರಿಯನ್ನು ಹಿಂಡಿ ನೀರು ಬೇರೆ ಇಡುತ್ತೇನೆ, ಚೆಲ್ಲುವುದಿಲ್ಲ. ತುರಿ ಬೇಯಲು ಬೇಕಾದಷ್ಟನ್ನು ಅದರಿಂದಲೇ ಹಿಂದೆ ಹಾಕುತ್ತೇನೆ. ಬೆಂದು ಪಾರದರ್ಶಕವಾಗುವ ಮೊದಲು ಸಕ್ಕರೆ ಹಾಕಬಾರದು. ಸಕ್ಕರೆ ಬಿದ್ದ ಮೇಲೆ ತುರಿ ಬೇಯುವುದು ನಿಲ್ಲುತ್ತದೆ, ಹಲ್ವ ನಾರುನಾರಾಗುತ್ತದೆ. ಒಂದು ಕಿಲೋ ತುರಿಗೆ 400 ಗ್ರಾಂ ಸಕ್ಕರೆ, 100 ಗ್ರಾಂ ತುಪ್ಪ. ತುಪ್ಪ ಒಮ್ಮೆಗೇ ಬೇಡ, ಮೂರು ನಾಲ್ಕು ಸಲ. ಕೇಸರಿ, ಏಲಕ್ಕಿ, ಚಿಟಿಕೆಯ ತುದಿಯಷ್ಟು ಪಚ್ಚಕರ್ಪೂರ. ಕೊನೆಯ ತೂಕ 750 ಗ್ರಾಂ. ಅದಕ್ಕಿಂತ ಹೆಚ್ಚಿದ್ದರೆ ಎರಡನೇ ದಿನ ನೀರು ಬಿಡುತ್ತದೆ, ತುಂಬ ಕಡಿಮೆಯಾದರೆ ಸಕ್ಕರೆ ಹರಳುಗಟ್ಟುತ್ತದೆ. ಫುಡ್ ಪ್ರೊಸೆಸರಿನಲ್ಲಿ ತುರಿದದ್ದೂ ನಡೆಯುತ್ತದೆ, ದಪ್ಪ ತುರಿಯುವ ಬಿಲ್ಲೆ ಹಾಕಿದರೆ. ಸಣ್ಣ ಬಿಲ್ಲೆಯಲ್ಲಿ ತುರಿದರೆ ಎಲ್ಲ ಕಲಸಿಹೋಗಿ ಎಳೆ ಸಿಗುವುದಿಲ್ಲ. ಎಳೆ ಸಿಗದ ಕಾಶಿ ಹಲ್ವವನ್ನು ನಾನು ಕಾಶಿ ಹಲ್ವ ಎಂದು ಒಪ್ಪುವುದಿಲ್ಲ.

ಥರ್ಮಾಮೀಟರಿನ ನಿಜವಾದ ಕೆಲಸ ಪಾಕದಲ್ಲಿ. ಅಷ್ಟಮಿ ಬಂತೆಂದರೆ ಉಡುಪಿಯಲ್ಲಿ ಮನೆಮನೆಯಲ್ಲೂ ಉಂಡೆ, ಚಕ್ಕುಲಿ. ಕೃಷ್ಣ ಮಠದಲ್ಲೂ ಅದೇ ನೈವೇದ್ಯ, ಮರುದಿನ ವಿಟ್ಲಪಿಂಡಿ, ಅಂದರೆ ಮೊಸರುಕುಡಿಕೆಯ ಉತ್ಸವ. ಎಳ್ಳುಂಡೆ, ಅರಳುಂಡೆ, ನೆಲಗಡಲೆ ಉಂಡೆಗಳೆಲ್ಲ ಬೆಲ್ಲದ ಪಾಕದ ಮೇಲೆ ನಿಂತವು. ನೀರಿಗೆ ಬಿಟ್ಟರೆ ಮೆತ್ತಗೆ ಉಂಡೆ ಕಟ್ಟುವ ಪಾಕ 112ರಿಂದ 116 ಡಿಗ್ರಿ. ಗಟ್ಟಿ ಉಂಡೆ ಕಟ್ಟುವುದು 120 ದಾಟಿದ ಮೇಲೆ. ಎಳ್ಳಿಗೆ ಮೊದಲನೆಯದು ಸಾಕು, ಅರಳಿಗೆ ಎರಡನೆಯದು ಬೇಕು. ಅರಳು ಹಗುರ, ಮೆತ್ತನೆಯ ಪಾಕಕ್ಕೆ ಒದ್ದೆಯಾಗಿ ಕುಗ್ಗುತ್ತದೆ. ಇವು ಸಕ್ಕರೆಗೆ ಹೇಳುವ ಅಂಕಿಗಳು. ಬೆಲ್ಲ ಅಚ್ಚಿನಿಂದ ಅಚ್ಚಿಗೆ ಬೇರೆ, ಅದಕ್ಕೆ ಥರ್ಮಾಮೀಟರ್ ಹತ್ತಿರ ಬಂದೆವು ಎಂದು ಹೇಳಿದ ಮೇಲೆ ಬಟ್ಟಲಿನ ನೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತೇನೆ. ಎರಡೂ ಒಪ್ಪಿದರೆ ಒಲೆ ಆರಿಸುವುದು.

ಇಲ್ಲಿ ಬೇರೆ ಊರಿನವರಿಗೆ ಹೇಳಬೇಕಾದ ಒಂದು ಮಾತಿದೆ. ಉಡುಪಿ, ಮಂಗಳೂರು ಸಮುದ್ರದ ಮಟ್ಟದಲ್ಲೇ ಇರುವ ಊರುಗಳು, ನಮ್ಮಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ 97ರ ಸುಮಾರಿಗೆ, ಮಡಿಕೇರಿಯಲ್ಲಿ ಅದಕ್ಕೂ ಕೆಳಗೆ. ಪಾಕದ ಡಿಗ್ರಿಯೂ ಅಷ್ಟೇ ಇಳಿಯುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ನಾನು ಕೊಟ್ಟ 114ನ್ನೇ ಹಿಡಿದು ಎಳ್ಳುಂಡೆ ಮಾಡಿ, "ಕಲ್ಲಾಗಿದೆ ಅಕ್ಕ" ಎಂದು ಫೋನ್ ಮಾಡಿದಳು. ಅಲ್ಲಿ 111ಕ್ಕೇ ಇಳಿಸು ಎಂದ ಮೇಲೆ ಸರಿಹೋಯಿತು. ಯಾರೇ ಇರಲಿ, ಮೊದಲು ಕುದಿಯುವ ನೀರಿಗೆ ಥರ್ಮಾಮೀಟರ್ ಇಟ್ಟು ನೋಡಿ, ತಮ್ಮ ಊರಿನ ಅಂಕಿ ತಿಳಿದುಕೊಂಡು ಅಲ್ಲಿಂದ ಮೇಲೆ ಲೆಕ್ಕ ಹಾಕಬೇಕು. ಥರ್ಮಾಮೀಟರ್ ಸರಿ ಇದೆಯೋ ಇಲ್ಲವೋ ಎಂಬ ಪರೀಕ್ಷೆಯೂ ಅದರಲ್ಲೇ ಆಗುತ್ತದೆ. ನಮ್ಮ ಕಡೆಯ ಇನ್ನೊಂದು ಕಷ್ಟ ಮಳೆಗಾಲದ ಥಂಡಿ. ಆಗ ಮಾಡಿದ ಉಂಡೆ ಗಾಳಿಯ ತೇವ ಹೀರಿಕೊಂಡು ಸಂಜೆಗೇ ಜಿಗುಟಾಗುತ್ತದೆ. ಅಷ್ಟಮಿಯ ಉಂಡೆಗೆ ನಾನು ಎರಡು ಮೂರು ಡಿಗ್ರಿ ಮೇಲಕ್ಕೇ ಪಾಕ ಒಯ್ಯುತ್ತೇನೆ, ಬಿಸಿ ಆರಿದ ಕೂಡಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತೇನೆ.

ಓವನ್ನಿನ ಕತೆ ಚಿಕ್ಕದು. ಪಕ್ಕದ ಮನೆಯವರು ಕ್ರಿಸ್‌ಮಸ್ಸಿಗೆ ಕುಸ್ವಾರದ ತಟ್ಟೆ ಕಳಿಸುತ್ತಾರೆ, ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ಇರುತ್ತದೆ. ಅದರ ಜೊತೆ ರವೆ, ತೆಂಗಿನಕಾಯಿ ಹಾಕಿ ಮಾಡುವ ಬಾತ್ ಎಂಬ ಕೇಕೂ ಇರುತ್ತದೆ. ಅದರ ಮೇಲಿನ ಆಸೆಗೇ ಓಟಿಜಿ ಎಂಬ ಪುಟ್ಟ ಕರೆಂಟಿನ ಓವನ್ ತಂದದ್ದು. ರವೆಯ ಹಿಟ್ಟನ್ನು ರಾತ್ರಿಯಿಡೀ ಇಡಬೇಕು, ಇಲ್ಲದಿದ್ದರೆ ರವೆ ತೇವ ಕುಡಿಯುವುದಿಲ್ಲ ಎಂದು ಅವರೇ ಹೇಳಿಕೊಟ್ಟರು. ಎಲ್ಲ ಹೇಳಿದ ಹಾಗೆ ಮಾಡಿದರೂ ನಡು ಬೇಯಲಿಲ್ಲ. ಓವನ್ನಿನ ಒಳಗೆ ತೂಗುಹಾಕುವ ಸಣ್ಣ ಥರ್ಮಾಮೀಟರ್ ತಂದು ನೋಡಿದರೆ, ಗುಂಡಿ 180 ಎನ್ನುವಾಗ ಒಳಗೆ ಇದ್ದದ್ದು 155. ಗುಂಡಿಯನ್ನು 205ರಲ್ಲಿ ಇಟ್ಟೆ, ಬಾತ್ ಎದ್ದು ಬಂತು. ಓವನ್ ತಂದವರೆಲ್ಲ ಅದರ ಜೊತೆಗೇ ಈ ಪುಟ್ಟ ಥರ್ಮಾಮೀಟರನ್ನೂ ತರಬೇಕೆಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಇನ್ನು ಐಸ್‌ಕ್ರೀಂ. ಈ ಊರಿನಲ್ಲಿ ಐಸ್‌ಕ್ರೀಂ ಬರೀ ತಿಂಡಿಯಲ್ಲ, ಅಭಿಮಾನದ ವಿಷಯ. ಉದ್ದ ಲೋಟದಲ್ಲಿ ಐಸ್‌ಕ್ರೀಂ, ಹಣ್ಣು, ಜೆಲ್ಲಿಯನ್ನು ಪದರ ಪದರವಾಗಿ ತುಂಬುವ ಗಡ್‌ಬಡ್ ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿದ್ದೆಂದು ನಮ್ಮವರು ಎದೆ ತಟ್ಟಿ ಹೇಳುತ್ತಾರೆ. ಮಂಗಳೂರಿನವರಿಗೆ 1975ರಲ್ಲಿ ಪ್ರಭಾಕರ ಕಾಮತರು ಶುರುಮಾಡಿದ ಐಡಿಯಲ್ ಇದೆ. 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಆರಂಭಿಸಿ ಎಳನೀರಿನ, ಹಲಸಿನ, ಸೀತಾಫಲದ ಐಸ್‌ಕ್ರೀಮನ್ನು ದೇಶಕ್ಕೆ ತಿನ್ನಿಸಿದ ರಘುನಂದನ ಕಾಮತರೂ ಮೂಲ್ಕಿ ಕಡೆಯವರೇ. ಇಂಥ ಊರಿನಲ್ಲಿ ಮನೆಯಲ್ಲಿ ಗಡ್‌ಬಡ್ ಮಾಡಲು ಹೊರಡುವುದು ಸುಮ್ಮನೆ ಅಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಮಕ್ಕಳೆಲ್ಲ ಬರುವವರಿದ್ದರು. ಅವರಿಗೆ ನಮ್ಮ ಹಿತ್ತಿಲಿನ ಬಕ್ಕೆ ಹಲಸು (ಗಟ್ಟಿ ತೊಳೆಯ ಹಲಸು), ನಮ್ಮ ತೆಂಗಿನಕಾಯಿ, ಬೆಲ್ಲ ಇವುಗಳಿಂದಲೇ ಗಡ್‌ಬಡ್ ಮಾಡಿ ಕೊಡಬೇಕೆಂದು ನನ್ನ ಆಸೆ.

ಐಸ್‌ಕ್ರೀಂ ಯಂತ್ರವೂ ಬಂತು. ಅದರ ಬಟ್ಟಲಿಗೆ ಎರಡು ಗೋಡೆ, ನಡುವೆ ಹೆಪ್ಪುಗಟ್ಟುವ ದ್ರವ. ಬಟ್ಟಲನ್ನು ಫ್ರೀಜರಿನಲ್ಲಿ ಪೂರ್ತಿ ಒಂದು ದಿನ ಇಡಬೇಕು. ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕುವ ಸದ್ದು ಕೇಳಬಾರದು. ಆಮೇಲೆ ಚೆನ್ನಾಗಿ ತಣಿದ ಮಿಶ್ರಣ ಹೊಯ್ದು ಇಪ್ಪತ್ತು ಇಪ್ಪತ್ತೈದು ನಿಮಿಷ ಕಡೆಯುವುದು. ನನ್ನ ಮಿಶ್ರಣ ಹೀಗೆ: ದಪ್ಪ ಕಾಯಿಹಾಲು ಅರ್ಧ ಲೀಟರ್, ತಾಜಾ ಕೆನೆ 200 ಮಿಲಿಲೀಟರ್, 150 ಗ್ರಾಂ ಬೆಲ್ಲವನ್ನು ಐವತ್ತು ಮಿಲಿಲೀಟರ್ ನೀರಲ್ಲಿ ಕರಗಿಸಿ ಸೋಸಿದ್ದು, ಒಂದು ಚಿಟಿಕೆ ಉಪ್ಪು. ಬೆಲ್ಲ ಪೂರ್ತಿ ತಣಿಯಬೇಕು. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಬಿಸಿಬಿಸಿ ಸೇರಿಸಿದರೆ ಕೆನೆ ಒಡೆಯುತ್ತದೆ. ಕಾಯಿಹಾಲನ್ನು ಕುದಿಸಲೇಬಾರದು, ಪಾಯಸಕ್ಕೆ ಒಂದನೇ ಹಾಲನ್ನು ಒಲೆ ಆರಿಸಿದ ಮೇಲೆಯೇ ಹಾಕುವುದು ಇದಕ್ಕೇ. ಸಿಹಿ ಕಡಿಮೆ ಮಾಡಲೂ ಹೋಗಬಾರದು. ಬೆಲ್ಲ ಇರುವುದರಿಂದಲೇ ನೀರೆಲ್ಲ ಒಮ್ಮೆಗೇ ಹೆಪ್ಪುಗಟ್ಟದೆ ಐಸ್‌ಕ್ರೀಂ ಚಮಚಕ್ಕೆ ಬರುವ ಹಾಗೆ ಮೆತ್ತಗಿರುತ್ತದೆ. ಕಾನೂನಿನ ಪ್ರಕಾರ ಇದಕ್ಕೆ ಐಸ್‌ಕ್ರೀಂ ಎಂಬ ಹೆಸರು ಸಲ್ಲುವುದಿಲ್ಲ. ನಮ್ಮ ದೇಶದಲ್ಲಿ ಆ ಹೆಸರಿಗೆ ಕನಿಷ್ಠ 10 ಶೇಕಡಾ ಹಾಲಿನ ಜಿಡ್ಡು ಇರಬೇಕು, ನನ್ನದರಲ್ಲಿ ಇರುವುದು ಹೆಚ್ಚಾಗಿ ತೆಂಗಿನ ಜಿಡ್ಡು. ರುಚಿಗೆ ಅದರಿಂದ ಏನೂ ಕೊರತೆಯಿಲ್ಲ.

ಮಕ್ಕಳು ಬಂದ ದಿನವೇ ಸಂಜೆ ಗುಡುಗು ಮಳೆ ಬಂತು. ಮೇ ತಿಂಗಳ ಆ ಮಳೆ ಗೊತ್ತಲ್ಲ, ಬರುವಾಗ ಮರವನ್ನೂ ತಂತಿಯನ್ನೂ ಎಳೆದುಕೊಂಡೇ ಬರುತ್ತದೆ. ರಾತ್ರಿಯಿಡೀ ಕರೆಂಟಿಲ್ಲ, ಬೆಳಿಗ್ಗೆಯೂ ಇಲ್ಲ. ಬಟ್ಟಲು ಅಲ್ಲಾಡಿಸಿದರೆ ಒಳಗೆಲ್ಲ ಕುಲುಕು. ಮಿಶ್ರಣ ಮಾತ್ರ ಐಸ್ ತುಂಡುಗಳ ನಡುವೆ ತಣ್ಣಗೆ ಕೂತಿದೆ.

ಆಗ ಅತ್ತೆಯೇ ದಾರಿ ತೋರಿಸಿದರು. ಅವರ ತವರಿನಲ್ಲಿ ಮದುವೆಗೆ ಮರದ ಬಕೆಟಿನಲ್ಲಿ ಐಸು, ಕಲ್ಲುಪ್ಪು ತುಂಬಿ ನಡುವೆ ಡಬ್ಬಿ ಇಟ್ಟು ಕೈಯಲ್ಲಿ ತಿರುಗಿಸುತ್ತಿದ್ದರಂತೆ. "ಮಲ್ಪೆಗೆ ಹೋಗಿ ಐಸು ತನ್ನಿ, ಇನ್ನೂ ಬೋಟು ಇಳಿಯುತ್ತಾ ಉಂಟಲ್ಲ" ಎಂದರು. ಅದು ನಿಜ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಅದರ ಮೊದಲು ಬಂದರಿನಲ್ಲಿ ಐಸಿಗೆ ಬರವಿಲ್ಲ. ಯಜಮಾನರು ಸ್ಕೂಟರಿನಲ್ಲಿ ಹೋಗಿ ಗೋಣಿಯಲ್ಲಿ ಸುತ್ತಿದ ಐಸಿನ ಗಡ್ಡೆ ತಂದರು. ಅದನ್ನು ಅಂಗಳದಲ್ಲಿ ಕುಟ್ಟಿದ್ದು ಮಕ್ಕಳು.

ದೊಡ್ಡ ಪ್ಲಾಸ್ಟಿಕ್ ಬಕೆಟು, ನಡುವೆ ಬಿಗಿ ಮುಚ್ಚಳದ ಎತ್ತರದ ಸ್ಟೀಲ್ ಡಬ್ಬಿ. ಮೂರು ಪಾಲು ಐಸಿಗೆ ಒಂದು ಪಾಲು ಕಲ್ಲುಪ್ಪು, ಇದನ್ನೂ ತೂಗಿಯೇ ಹಾಕಿದೆ. ಒಂದು ಪದರ ಐಸು, ಒಂದು ಪದರ ಉಪ್ಪು. ಥರ್ಮಾಮೀಟರ್ ಇಳಿಸಿ ಹಿಡಿದರೆ ಅಂಕಿ ಸೊನ್ನೆಯಿಂದ ಕೆಳಗೆ ಓಡತೊಡಗಿತು, ಮೈನಸ್ 5, ಮೈನಸ್ 9, ಕೊನೆಗೆ ಮೈನಸ್ 14ರಲ್ಲಿ ನಿಂತಿತು. ಉಪ್ಪು ಐಸನ್ನು ಕರಗಿಸುತ್ತದೆ, ಕರಗಲು ಬೇಕಾದ ಶಾಖವನ್ನು ಐಸು ಸುತ್ತಲಿನಿಂದ ಎಳೆದುಕೊಳ್ಳುತ್ತದೆ, ಹಾಗಾಗಿ ಎಲ್ಲವೂ ಐಸಿಗಿಂತ ತಣ್ಣಗಾಗುತ್ತದೆ. ಮೈನಸ್ 21ರವರೆಗೂ ಇಳಿಯಬಹುದು. ಒಂಬತ್ತನೇ ಕ್ಲಾಸಿನ ಹುಡುಗ ಇದನ್ನು ಪುಸ್ತಕದಲ್ಲಿ ಓದಿದ್ದನಂತೆ, ಬೆರಳು ಇಟ್ಟು ನೋಡಿ "ಹೌದಲ್ಲ ದೊಡ್ಡಮ್ಮ!" ಎಂದ.

ಡಬ್ಬಿಯ ಕಿವಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುವುದು, ಕೆಲವು ನಿಮಿಷಕ್ಕೊಮ್ಮೆ ಹೊರಗೆ ಎತ್ತಿ, ಬಟ್ಟೆಯಲ್ಲಿ ಚೆನ್ನಾಗಿ ಒರಸಿ, ಮುಚ್ಚಳ ತೆಗೆದು ಬದಿಗೆ ಹಿಡಿದದ್ದನ್ನು ಮರದ ಸೌಟಿನಲ್ಲಿ ಕೆರೆದು ನಡುವಿಗೆ ತರುವುದು. ಒರಸುವುದನ್ನು ಮರೆಯುವ ಹಾಗಿಲ್ಲ, ಬಂದರಿನ ಐಸಿನ ನೀರು ಒಂದು ಹನಿಯೂ ಒಳಗೆ ಹೋಗಕೂಡದು. ಎಲ್ಲರೂ ಸರದಿಯಲ್ಲಿ ತಿರುಗಿಸಿದೆವು. ಮುಕ್ಕಾಲು ಗಂಟೆಯಾಗುವಾಗ ಸೌಟು ನಡುವೆ ನೆಟ್ಟಗೆ ನಿಂತಿತು. ನಾಲಿಗೆಗೆ ಇಟ್ಟರೆ ಒಂದು ಹರಳೂ ಸಿಗಲಿಲ್ಲ. ಬೇಗ ಹೆಪ್ಪುಗಟ್ಟಿದಷ್ಟೂ ಹರಳು ಸಣ್ಣದಾಗುತ್ತದೆ. ನಮ್ಮ ಮನೆಯ ಫ್ರೀಜರ್ ದಿನಕ್ಕೆ ಎಷ್ಟೋ ಸಲ ತೆರೆಯುತ್ತದೆ, ಅದರಲ್ಲಿ ಇಟ್ಟ ಬಟ್ಟಲಿಗೆ ಅಷ್ಟು ತಂಪು ಹಿಡಿದಿಡುವ ಶಕ್ತಿ ಸಾಲದು. ಕರೆಂಟು ಬಂದ ಮೇಲೆ ಯಂತ್ರದಲ್ಲೂ ಅದೇ ಮಿಶ್ರಣ ಮಾಡಿ ನೋಡಿದೆ. ಚೆನ್ನಾಗಿಯೇ ಇತ್ತು. ಆದರೆ ಬಕೆಟಿನದ್ದು ಹೆಚ್ಚು ನಯ, ಇದನ್ನು ಮಕ್ಕಳೂ ಅತ್ತೆಯೂ ಒಪ್ಪಿದರು.

ಗಡ್‌ಬಡ್ ಕಟ್ಟುವುದರಲ್ಲಿ ಹೇಳಬೇಕಾದದ್ದು ಜೆಲ್ಲಿಯ ಬಗ್ಗೆ ಮಾತ್ರ. ಜೆಲಟಿನ್ ಹಾಕಿದ ಜೆಲ್ಲಿ ನಮ್ಮ ಮೇ ತಿಂಗಳ ಸೆಕೆಗೆ ಲೋಟದಲ್ಲೇ ಕರಗುತ್ತದೆ, ಹಸಿ ಅನಾನಸು ಬಿದ್ದರೆ ಗಟ್ಟಿಯಾಗುವುದೇ ಇಲ್ಲ. ಅದು ಪ್ರಾಣಿಜನ್ಯ ಎಂಬುದರಿಂದ ನಮ್ಮ ಮನೆಗೆ ಬರುವುದೂ ಇಲ್ಲ. ಕಡಲ ಪಾಚಿಯಿಂದ ಮಾಡುವ ಅಗರ್‌ಅಗರ್ ಇದಕ್ಕೆ ಹೇಳಿ ಮಾಡಿಸಿದ್ದು. 40 ಡಿಗ್ರಿಗೆ ಇಳಿಯುವಷ್ಟರಲ್ಲಿ ಗಟ್ಟಿಯಾಗುತ್ತದೆ, ಮತ್ತೆ ಕರಗಬೇಕಾದರೆ 85ರ ಹತ್ತಿರ ಕಾಯಿಸಬೇಕು. ಪುನರ್ಪುಳಿಯ (ಕೋಕಮ್) ಶರಬತ್ತಿಗೆ ಅಗರ್ ಹಾಕಿ ಕೆಂಪು ಜೆಲ್ಲಿ ಮಾಡಿದೆ. ಉದ್ದ ಲೋಟದ ತಳಕ್ಕೆ ಅದು, ಮೇಲೆ ಬಾಳೆಹಣ್ಣು, ಪಪ್ಪಾಯಿ, ಬೆಲ್ಲ ಕಾಯಿಹಾಲಿನ ಐಸ್‌ಕ್ರೀಂ, ಬಕ್ಕೆ ಹಲಸಿನ ತೊಳೆ ಚೂರು ಮಾಡಿ ಸೇರಿಸಿದ ಇನ್ನೊಂದು, ಹುರಿದ ಗೇರುಬೀಜ, ಕೊನೆಗೆ ಒಂದು ಚಮಚ ಬೆಲ್ಲದ ಪಾಕ. ಪುನರ್ಪುಳಿಯ ಹುಳಿ ಕಾಯಿಹಾಲಿನ ಜಿಡ್ಡನ್ನು ಸರಿಯಾಗಿ ಕತ್ತರಿಸಿತು. ಚೆರ್ರಿ ಇಲ್ಲವಾ ಎಂದು ಒಬ್ಬಳು ಕೇಳಿದಳು. ಇರಲಿಲ್ಲ.

ಈಗ ನನಗೆ ಉಳಿದಿರುವುದು ಹಲಸಿನ ಪೆರಟಿ. ಹಣ್ಣಿನ ತಿರುಳು, ಬೆಲ್ಲ ಹಾಕಿ ಗಂಟೆಗಟ್ಟಲೆ ಮಗುಚಿ ವರ್ಷವಿಡೀ ಇಡುವ ಪೆರಟಿಗೆ ಕೊನೆಯ ತೂಕ ಎಷ್ಟು ಎಂದು ಹಿಡಿಯಬೇಕು. ಕಾಶಿ ಹಲ್ವದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತುಳುವ ಹಲಸಿನಲ್ಲಿ ರಸ ಹೆಚ್ಚು, ಬಕ್ಕೆಯಲ್ಲಿ ತಿರುಳು ಹೆಚ್ಚು, ಒಂದೇ ಮರದ ಎರಡು ಹಣ್ಣಿಗೂ ವ್ಯತ್ಯಾಸವಿದೆ. ಅದಕ್ಕೆ ಮೊದಲೇ ಒಂದು ಸಣ್ಣ ತಟ್ಟೆಯಲ್ಲಿ ನೂರು ಗ್ರಾಂ ತಿರುಳನ್ನು ಓವನ್ನಿನ ಸಣ್ಣ ಉರಿಯಲ್ಲಿ ಪೂರ್ತಿ ಒಣಗಿಸಿ ತೂಗಿ, ಆ ಹಣ್ಣಿನಲ್ಲಿ ನೀರೆಷ್ಟು ಎಂದು ತಿಳಿದುಕೊಂಡು ಆಮೇಲೆ ಬಾಣಲೆ ಇಡುವುದೆಂದು ಯೋಚಿಸಿದ್ದೇನೆ. ಅತ್ತೆ ಹೇಳುವ ಹದ ಬೇರೆ: ಪೆರಟಿಯ ಉಂಡೆಯನ್ನು ಗೋಡೆಗೆ ಎಸೆದರೆ ಅಂಟದೆ ಕೆಳಗೆ ಬೀಳಬೇಕಂತೆ. ಬರುವ ಮೇ ತಿಂಗಳಲ್ಲಿ ಎರಡನ್ನೂ ಮಾಡಿ ನೋಡುವುದು. ಗೋಡೆಗೆ ಎಸೆಯುವ ಕೆಲಸಕ್ಕೆ ಮಕ್ಕಳು ಈಗಲೇ ಹೆಸರು ಕೊಟ್ಟಿದ್ದಾರೆ.